ವ್ಯಾಗನ್ ಆರ್: ಹೊಸದೋ, ಹಳೆಯದೋ, ಹಳೆಯದಾದರೆ ಯಾವ ವರ್ಷದ್ದು?

ವ್ಯಾಗನ್ ಆರ್ ಕೊಳ್ಳುವವರು ಅದರ ಅಂದಕ್ಕೆ ಮಾರುಹೋಗಿ ಕೊಳ್ಳುವುದಿಲ್ಲ. 1999ರ ಡಿಸೆಂಬರ್‌ನಲ್ಲಿ ಮಾರುತಿ ಇದನ್ನು ಇಲ್ಲಿ ಬಿಡುಗಡೆ ಮಾಡಿದಾಗಿನಿಂದಲೂ ಡಬ್ಬಿ ಗಾಡಿ ಅಂತ ಆಡಿಕೊಳ್ಳುವವರು ಇದ್ದಾರೆ, ಬುಕ್ ಮಾಡುವವರು ಬುಕ್ ಮಾಡುತ್ತಲೇ ಇದ್ದಾರೆ. ಕಾರಣ ಆ ಡಬ್ಬಿಯ ಆಕಾರವೇ. ತಗ್ಗಾದ ಹ್ಯಾಚ್‌ಬ್ಯಾಕ್‌ಗೆ ಮೈ ಬಗ್ಗಿಸಿ ಇಳಿಯಬೇಕು, ಎಸ್‌ಯುವಿಗೆ ಕಾಲೆತ್ತಿ ಹತ್ತಬೇಕು. ಇದರ ಸೀಟು ನಿಂತವರ ಸೊಂಟಕ್ಕೆ ಹತ್ತಿರದ ಎತ್ತರದಲ್ಲೇ ಇದೆ, ಪಕ್ಕಕ್ಕೆ ಸರಿದು ಕೂತರೆ ಮುಗಿಯಿತು. ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಶೋರೂಮಿಗೆ ಅವರನ್ನೇ ಕರೆದುಕೊಂಡು ಹೋಗಿ, ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ಎರಡೆರಡು ಸಲ ಹತ್ತಿಳಿಯಲು ಹೇಳಿ. ಬ್ರೋಷರ್ ಹೇಳದ ಉತ್ತರ ಅಲ್ಲಿ ಸಿಗುತ್ತದೆ.

ಈಗ ಮಾರಾಟದಲ್ಲಿರುವುದು 2019ರ ಜನವರಿಯಲ್ಲಿ ಬಂದ ಮೂರನೇ ತಲೆಮಾರು. ಉದ್ದ 3655 ಮಿ.ಮೀ., ಅಗಲ 1620, ಎತ್ತರ 1675. ಡಿಕ್ಕಿ 341 ಲೀಟರ್. ಹಿಂದಿನ ತಲೆಮಾರಿನಲ್ಲಿ ಡಿಕ್ಕಿ 180 ಲೀಟರ್ ಮಾತ್ರ ಇತ್ತು, ಅಗಲವೂ 1500 ಮಿ.ಮೀ. ಒಳಗೇ. ಆ ಹಳೆಯ ಗಾಡಿಯಲ್ಲಿ ಹಿಂದೆ ಮೂವರು ದೊಡ್ಡವರು ಕೂತರೆ ಭುಜಕ್ಕೆ ಭುಜ ತಾಗುತ್ತದೆ. 2019ರ ನಂತರದ್ದರಲ್ಲಿ ಮೂವರು ಕೂರಬಹುದು, ಆರಾಮವಾಗಿ ಇಬ್ಬರು.

ಬೆಲೆಯ ಲೆಕ್ಕ ಮೊದಲು. ನನ್ನ ಮಟ್ಟಿಗೆ ಈ ಗಾಡಿಯನ್ನು ಹೊಸದಾಗಿ ಕೊಳ್ಳಬೇಕು, ಇಲ್ಲವೇ ಐದಾರು ವರ್ಷ ಓಡಿದ್ದನ್ನು ಕೊಳ್ಳಬೇಕು. ನಡುವಿನದು, ಅಂದರೆ ಒಂದರಿಂದ ಮೂರು ವರ್ಷದ ಗಾಡಿ, ಹೆಚ್ಚಿನ ಸಲ ಲಾಭವಿಲ್ಲದ ವ್ಯಾಪಾರ. ವ್ಯಾಗನ್ ಆರ್‌ಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬೇಡಿಕೆ ಇಳಿಯುವುದೇ ಇಲ್ಲ, ಹಾಗಾಗಿ ಮೊದಲ ವರ್ಷಗಳಲ್ಲಿ ಬೆಲೆ ನಿಧಾನವಾಗಿ ಬೀಳುತ್ತದೆ. ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ, ಸೆಸ್ ಸೇರಿ ಶೇ 29 ಇದ್ದದ್ದು ಶೇ 18ಕ್ಕೆ ಇಳಿಯಿತು. ನಾಲ್ಕು ಮೀಟರ್ ಒಳಗಿನ ಉದ್ದ, 1200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್ ಅನ್ನುವುದು ನಿಯಮ; ವ್ಯಾಗನ್ ಆರ್‌ನ ದೊಡ್ಡ ಎಂಜಿನ್ 1197 ಸಿಸಿ, ಆದ್ದರಿಂದ ಎರಡೂ ಎಂಜಿನ್‌ಗೆ ಲಾಭ ಸಿಕ್ಕಿತು. ಆಗ ಆರಂಭಿಕ ಎಕ್ಸ್ ಶೋರೂಂ ಬೆಲೆ 4.99 ಲಕ್ಷ ರೂಪಾಯಿಗೆ ಬಂತು. ಹಳೆಯ ತೆರಿಗೆಯಲ್ಲಿ ಕೊಂಡವರು ತಾವು ಕೊಟ್ಟ ಬೆಲೆ ನೆನಪಿಟ್ಟುಕೊಂಡು ಮಾರಲು ಬರುತ್ತಾರೆ. ನೀವು ಇವತ್ತಿನ ಹೊಸ ಗಾಡಿಯ ಬೆಲೆಯಿಂದ ಲೆಕ್ಕ ಶುರು ಮಾಡಿ, ಅವರ ಬಿಲ್ಲಿನಿಂದ ಅಲ್ಲ.

ಕರ್ನಾಟಕದಲ್ಲಿ ಇನ್ನೊಂದು ಲೆಕ್ಕವೂ ಇದೆ. ಜೀವಾವಧಿ ತೆರಿಗೆ 5 ಲಕ್ಷದವರೆಗಿನ ಕಾರಿಗೆ ಶೇ 13, ಅದರಿಂದಾಚೆ 10 ಲಕ್ಷದವರೆಗೆ ಶೇ 14, ಜೊತೆಗೆ ಆ ತೆರಿಗೆಯ ಮೇಲೆ ಸೆಸ್. ಅಂದರೆ ಹೊಸ ಗಾಡಿಯಲ್ಲಿ ಮುಕ್ಕಾಲು ಲಕ್ಷದ ಆಸುಪಾಸು ರಸ್ತೆ ತೆರಿಗೆಗೇ ಹೋಗುತ್ತದೆ. ಕರ್ನಾಟಕದಲ್ಲೇ ನೋಂದಣಿಯಾದ ಹಳೆಯ ಗಾಡಿ ಕೊಂಡರೆ ಇದು ಕಟ್ಟಿ ಆಗಿರುತ್ತದೆ. ಬೇರೆ ರಾಜ್ಯದ್ದು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಮರುನೋಂದಣಿ, ಇಲ್ಲಿನ ತೆರಿಗೆ, ಅಲ್ಲಿನ ತೆರಿಗೆ ವಾಪಸಿಗೆ ಓಡಾಟ, ಎಲ್ಲ ಸೇರಿ ಉಳಿತಾಯ ಕರಗುತ್ತದೆ. ಈ ದರ್ಜೆಯ ಗಾಡಿಗೆ ಆ ಕಷ್ಟ ಬೇಡ.

ಯಾವ ಎಂಜಿನ್

1999ರಿಂದ 2010ರವರೆಗಿನ ಮೊದಲ ತಲೆಮಾರಿಗೆ 1061 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಅದರಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ ಒಳಗಿನ ಭಾಗಗಳನ್ನು ತಾಳ ತಪ್ಪದಂತೆ ತಿರುಗಿಸುವ ಪಟ್ಟಿ) ಇದೆ, ಯಾವಾಗ ಬದಲಿಸಿದ್ದು ಅನ್ನುವ ದಾಖಲೆ ಇರಲೇಬೇಕು. ಇವೆಲ್ಲ ಈಗ 15 ವರ್ಷ ದಾಟಿದವು. ಆರ್‌ಸಿ ನವೀಕರಣದ ಕೇಂದ್ರ ಶುಲ್ಕವೇ 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿ, 20 ವರ್ಷ ದಾಟಿದರೆ 2025ರಿಂದ 10,000. ಹಳೆಯ ರಬ್ಬರ್ ಹೋಸ್‌ಗಳ ಮೇಲೆ ಎಥೆನಾಲ್ ಬೆರೆತ ಪೆಟ್ರೋಲಿನ ಪ್ರಭಾವ ಬೇರೆ. ಡ್ರೈವಿಂಗ್ ಕಲಿಯಲು ಅಂತ ಯಾರೋ ಪುಕ್ಕಟೆಗೆ ಕೊಟ್ಟರೆ ಸರಿ, ಇಲ್ಲದಿದ್ದರೆ ಬಿಡಿ.

2010ರ ಏಪ್ರಿಲ್‌ನಿಂದ 998 ಸಿಸಿಯ ಕೆ10ಬಿ, ಮೂರು ಸಿಲಿಂಡರ್, 68 ಪಿಎಸ್ (ಶಕ್ತಿ), 90 ಎನ್‌ಎಂ (ಎಳೆಯುವ ಬಲ). ಇಲ್ಲಿಂದ ಮುಂದೆ ಟೈಮಿಂಗ್ ಚೈನ್. ಈ ಎಂಜಿನ್ ಕೆಡುವುದು ಅಪರೂಪ, ಕೆಡಿಸುವವರು ಆಯಿಲ್ ಬದಲಿಸದ ಮಾಲೀಕರು. ಚೈನ್ ಬಿಗಿಯಾಗಿಡುವ ಟೆನ್ಶನರ್ ಆಯಿಲ್ ಒತ್ತಡದಲ್ಲೇ ಕೆಲಸ ಮಾಡುತ್ತದೆ. ಆಯಿಲ್ ಹಳಸಿ ಮಡ್ಡಿಗಟ್ಟಿದರೆ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಎಂಜಿನ್ನಿನ ಒಂದು ಬದಿಯಿಂದ ಕರಕರ ಸದ್ದು ಬರುತ್ತದೆ. ಒಂದೆರಡು ಸೆಕೆಂಡಿನಲ್ಲಿ ನಿಂತರೆ ಚೌಕಾಸಿಗೆ ಸಾಕು, ಬಿಸಿಯಾದ ಮೇಲೂ ಉಳಿದರೆ ಬೇರೆ ಗಾಡಿ ನೋಡಿ.

2019ರಿಂದ ಎರಡು ಆಯ್ಕೆ: ಅದೇ 1.0, ಮತ್ತು 1.2 ಲೀಟರ್, ನಾಲ್ಕು ಸಿಲಿಂಡರ್, 83 ಪಿಎಸ್, 113 ಎನ್‌ಎಂ. ಇಡೀ ಆಯ್ಕೆಯಲ್ಲಿ ಹೆಚ್ಚು ಯೋಚಿಸಬೇಕಾದ್ದು ಇದೇ. ಊರೊಳಗೆ, ಒಬ್ಬಿಬ್ಬರು ಕೂತು ಓಡಾಡುವವರಿಗೆ 1.0 ಸಾಕು. ಗಾಡಿಯ ತೂಕವೇ 810 ಕೆ.ಜಿ. ಆಸುಪಾಸು, ಸಿಗ್ನಲ್‌ನಿಂದ ಸಿಗ್ನಲ್‌ಗೆ ಚುರುಕಾಗಿಯೇ ಹೋಗುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿಕೊಂಡು ಚಾರ್ಮಾಡಿ ಹತ್ತಿದರೆ ಮಾತ್ರ ಎರಡನೇ ಗೇರಿನಿಂದ ಮೇಲೆ ಬರಲು ಬಿಡುವುದಿಲ್ಲ. ಹೆದ್ದಾರಿಯಲ್ಲಿ 80ರಿಂದ 100ಕ್ಕೆ ಏರಿಸಿ ಲಾರಿ ದಾಟಬೇಕಾದಾಗಲೂ ಮುಂಚಿತವಾಗಿ ಗೇರ್ ಇಳಿಸಿ, ಎದುರಿನ ಜಾಗ ಎರಡು ಸಲ ಅಳೆದು ಹೊರಡಬೇಕು. 1.2ರಲ್ಲಿ ಈ ತಾಪತ್ರಯ ಇಲ್ಲ. ಮೈಲೇಜಿನ ವ್ಯತ್ಯಾಸವೋ, ಕಂಪನಿಯ ಅಂಕಿಯಲ್ಲೇ ನೋಡಿದರೆ ಈಗಿನ ಮ್ಯಾನ್ಯುಯಲ್ 1.0ಕ್ಕೆ 24.35, 1.2ಕ್ಕೆ 23.56 ಕಿ.ಮೀ. ಒಂದು ಕಿಲೋಮೀಟರೂ ಇಲ್ಲ. ವರ್ಷಕ್ಕೆ ನಾಲ್ಕು ಸಲವಾದರೂ ತುಂಬಿದ ಗಾಡಿಯಲ್ಲಿ ಊರಿಗೆ ಹೋಗುವವರು 1.2 ಬಿಟ್ಟು 1.0 ತೆಗೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಕಂಪನಿ ಅಂಕಿಯನ್ನು ನಂಬಿ ಬಜೆಟ್ ಹಾಕಬೇಡಿ ಅನ್ನುವುದು ಬೇರೆ ಮಾತು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಯಾವ ಎಂಜಿನ್ ಆದರೂ ಅದಕ್ಕಿಂತ ಸಾಕಷ್ಟು ಕೆಳಗೇ. ಟ್ಯಾಂಕ್ 32 ಲೀಟರ್, ಚಿಕ್ಕದು.

2022ರ ಫೆಬ್ರವರಿಯಿಂದ ಎರಡೂ ಎಂಜಿನ್ ಡ್ಯುಯಲ್‌ಜೆಟ್ ಆದವು, 1.2 ಈಗ 90 ಪಿಎಸ್. ಸಿಲಿಂಡರಿಗೆ ಎರಡು ಇಂಜೆಕ್ಟರ್, ಅಂದರೆ 1.2ರಲ್ಲಿ ಎಂಟು. ಕಲಬೆರಕೆ ಪೆಟ್ರೋಲ್ ಹಾಕಿಸಿಕೊಂಡರೆ ಶುಚಿ ಮಾಡಿಸುವ ಬಿಲ್ಲೂ ಅಷ್ಟೇ ದೊಡ್ಡದು. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಂತು ತಾನೇ ಶುರುವಾಗುವ ವ್ಯವಸ್ಥೆಯೂ ಆಗಲೇ ಬಂತು. ಅದಕ್ಕೆ ತಕ್ಕ ಬ್ಯಾಟರಿ ಬೇರೆಯೇ ಇದೆ, ಬೆಲೆ ಹೆಚ್ಚು. ಹಿಂದಿನ ಮಾಲೀಕ ಅಗ್ಗದ ಸಾಮಾನ್ಯ ಬ್ಯಾಟರಿ ಹಾಕಿದ್ದರೆ ಅದು ಬೇಗ ಸೊರಗುತ್ತದೆ. ಬಾನೆಟ್ ತೆಗೆದಾಗ ಬ್ಯಾಟರಿ ಮೇಲಿನ ಲೇಬಲ್ ಓದಿ. ಇ20 (ಶೇ 20 ಎಥೆನಾಲ್ ಬೆರೆತ) ಪೆಟ್ರೋಲಿಗೆ ಹೊಂದುವಂತೆ ತಯಾರಾದವು 2023ರಿಂದ ಈಚಿನವು.

ಎಜಿಎಸ್ ಮತ್ತು ಸಿಎನ್‌ಜಿ

ಎಜಿಎಸ್ (ಆಟೊ ಗೇರ್ ಶಿಫ್ಟ್) ಅಂದರೆ ಪೂರ್ಣ ಆಟೊಮ್ಯಾಟಿಕ್ ಅಲ್ಲ. ಒಳಗಿರುವುದು ಅದೇ ಗೇರ್‌ಬಾಕ್ಸ್, ಅದೇ ಒಣ ಕ್ಲಚ್ ಪ್ಲೇಟ್. ಪೆಡಲ್ ಒತ್ತುವ ಕಾಲಿನ ಬದಲು ಒಂದು ಆಕ್ಚುಯೇಟರ್. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ತಲೆ ಒಮ್ಮೆ ಮುಂದಕ್ಕೆ ತೂಗುತ್ತದೆ, ಅದು ಸಹಜ. ಏರಿನಲ್ಲಿ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿಯೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸ ಇದ್ದವರ ಕೈಯಲ್ಲಿ ಕ್ಲಚ್ ಸುಟ್ಟು ಬೇಗ ಮುಗಿಯುತ್ತದೆ. 2022ಕ್ಕಿಂತ ಹಿಂದಿನವಕ್ಕೆ ಹಿಲ್ ಹೋಲ್ಡ್ ಇಲ್ಲ, ಫ್ಲೈಓವರ್ ಏರಿನಲ್ಲಿ ಹಿಂದಕ್ಕೆ ಜಾರುತ್ತವೆ. ಹಳೆಯ ಎಜಿಎಸ್ ನೋಡುವಾಗ ಹತ್ತು ನಿಮಿಷ ದಟ್ಟ ಟ್ರಾಫಿಕ್‌ನಲ್ಲೇ ಓಡಿಸಿ, ಖಾಲಿ ರಸ್ತೆಯಲ್ಲಿ ಎಲ್ಲ ಚೆನ್ನಾಗೇ ಇರುತ್ತದೆ. ನ್ಯೂಟ್ರಲ್‌ನಿಂದ ಡ್ರೈವ್‌ಗೆ, ಅಲ್ಲಿಂದ ರಿವರ್ಸ್‌ಗೆ ಐದಾರು ಸಲ ಬದಲಿಸಿ. ಗೇರ್ ಕೂರಲು ತಡವಾದರೆ, ಹೊರಡುವಾಗ ಮೈಯೆಲ್ಲ ಅದುರಿದರೆ ಕ್ಲಚ್ ಖರ್ಚು ಕಾದಿದೆ. ಕ್ಲಚ್ ಬದಲಿಸಿದ ಮೇಲೆ ಸ್ಕ್ಯಾನರ್ ಹಾಕಿ ಅದರ ಸ್ಥಾನವನ್ನು ಹೊಸದಾಗಿ ಕಲಿಸಬೇಕು. ಬೀದಿಬದಿ ಗ್ಯಾರೇಜಿನಲ್ಲಿ ಆ ಸ್ಕ್ಯಾನರ್ ಇರುವುದಿಲ್ಲ.

ಕಂಪನಿಯ ಸಿಎನ್‌ಜಿ 1.0 ಎಂಜಿನ್‌ಗೆ ಮಾತ್ರ, ಮ್ಯಾನ್ಯುಯಲ್ ಮಾತ್ರ. ಗ್ಯಾಸ್‌ನಲ್ಲಿ ಶಕ್ತಿ 57 ಪಿಎಸ್‌ಗೆ ಇಳಿಯುತ್ತದೆ, ತೂಕ 80-90 ಕೆ.ಜಿ. ಏರುತ್ತದೆ, 60 ಲೀಟರಿನ ಸಿಲಿಂಡರ್ ಆ 341 ಲೀಟರ್ ಡಿಕ್ಕಿಯನ್ನು ನುಂಗುತ್ತದೆ. ಅಂದರೆ ಸಲೀಸಾಗಿ ಹತ್ತಿಳಿಯುವುದು, ದೊಡ್ಡ ಡಿಕ್ಕಿ ಅನ್ನುವ ಈ ಗಾಡಿಯ ಎರಡು ಗುಣಗಳಲ್ಲಿ ಒಂದನ್ನು ಕೊಟ್ಟು ಇಂಧನದ ಉಳಿತಾಯ ಕೊಂಡಂತೆ. ಕಂಪನಿಯ ಅಂಕಿ ಕೆ.ಜಿ.ಗೆ 34.05 ಕಿ.ಮೀ. ದಿನಕ್ಕೆ 50 ಕಿ.ಮೀ. ಮೇಲೆ ಓಡಿಸುವವರಿಗೆ, ದಾರಿಯಲ್ಲೇ ಪಂಪ್ ಇದ್ದವರಿಗೆ ಸರಿಹೋಗುತ್ತದೆ. ಮಲೆನಾಡಿನ ಒಳಗಿನವರು ಪಂಪ್ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಕಡ್ಡಾಯ, ಕೊನೆಯ ಪರೀಕ್ಷೆಯ ದಿನಾಂಕ ಗಾಡಿಯಲ್ಲೇ ಪ್ಲೇಟಿನ ಮೇಲೆ ಇರುತ್ತದೆ. ಸಿಲಿಂಡರ್ ಇರುವಾಗ ಸ್ಟೆಪ್ನಿ ಹೊರತೆಗೆಯುವುದು ಹೇಗೆ ಅಂತ ಕೊಳ್ಳುವ ಮೊದಲೇ ಒಮ್ಮೆ ತೆಗೆಸಿ ನೋಡಿ, ಮಳೆಯಲ್ಲಿ ಪಂಕ್ಚರ್ ಆದಾಗ ಅಲ್ಲ. ಹೊರಗೆ ಕಿಟ್ ಹಾಕಿಸಿದ ಗಾಡಿಯಾದರೆ ಆರ್‌ಸಿಯಲ್ಲಿ ಇಂಧನ 'ಪೆಟ್ರೋಲ್/ಸಿಎನ್‌ಜಿ' ಅಂತಿರಬೇಕು, ಇನ್ಶೂರೆನ್ಸ್ ಪಾಲಿಸಿಯಲ್ಲೂ ಕಿಟ್ ನಮೂದಾಗಿರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಮುಂದೆ ಕ್ಲೇಮಿಗೆ ತೊಡಕು.

ಸುರಕ್ಷತೆ, ಗಾಳಿ

ಇಲ್ಲಿ ಸಿಹಿ ಮಾತು ಬೇಡ. ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2019ರಲ್ಲಿ ಈ ಗಾಡಿಗೆ ಕೊಟ್ಟದ್ದು ಎರಡು ಸ್ಟಾರ್. 2023ರಲ್ಲಿ, ಬಿಗಿಯಾದ ಹೊಸ ನಿಯಮದಡಿ, ದೊಡ್ಡವರಿಗೆ ಒಂದು, ಮಕ್ಕಳಿಗೆ ಸೊನ್ನೆ. ಡಿಕ್ಕಿಯಾದಾಗ ಬಾಡಿ ಷೆಲ್ ಅಸ್ಥಿರ ಅಂತಲೂ ಬರೆದರು. 2025ರಲ್ಲಿ ಎಲ್ಲ ಟ್ರಿಮ್‌ಗೂ (ಸೌಲಭ್ಯದ ದರ್ಜೆಗೂ) ಆರು ಏರ್‌ಬ್ಯಾಗ್ ಬಂದವು. ಹಳೆಯ ಸ್ಟಾರ್‌ಗಳನ್ನು ಈಗಿನ ಗಾಡಿಗೆ ನೇರವಾಗಿ ಅಂಟಿಸಲಾಗದು, ಹಾಗಂತ ಏರ್‌ಬ್ಯಾಗ್ ಹೆಚ್ಚಿದ ಮಾತ್ರಕ್ಕೆ ತಗಡು ಗಟ್ಟಿಯಾಗುವುದೂ ಇಲ್ಲ. ಹಳೆಯ ಗಾಡಿಯಾದರೆ ಎರಡನೇ ತಲೆಮಾರಿನ ಎಷ್ಟೋ ಗಾಡಿಗಳಲ್ಲಿ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ ಇಲ್ಲ. 2019ರ ಆರಂಭದ ಕೆಳ ಟ್ರಿಮ್‌ಗಳಲ್ಲಿ ಡ್ರೈವರಿಗೆ ಮಾತ್ರ ಏರ್‌ಬ್ಯಾಗ್. ಪಕ್ಕದ ಡ್ಯಾಶ್‌ಬೋರ್ಡ್ ಮೇಲೆ ಏರ್‌ಬ್ಯಾಗ್ ಗುರುತು ಇದೆಯೇ ನೋಡಿ. ರಾತ್ರಿ ಹೆದ್ದಾರಿ ಓಡಾಟವೇ ಹೆಚ್ಚು ಇರುವವರಿಗೆ ಈ ಗಾಡಿ ನಾನು ಹೇಳುವುದಿಲ್ಲ.

ಎತ್ತರದ ಚಪ್ಪಟೆ ಬದಿ, ಕಡಿಮೆ ತೂಕ. ಇವೆರಡೂ ಸೇರಿದರೆ ಅಡ್ಡಗಾಳಿಗೆ ಗಾಡಿ ಬಗ್ಗುತ್ತದೆ. ಚಿತ್ರದುರ್ಗದ ಬಳಿ ಗಾಳಿಯಂತ್ರಗಳಿರುವ ಬಯಲಿನಲ್ಲಿ, ಬಸ್ಸು ಪಕ್ಕದಿಂದ ನುಗ್ಗಿದಾಗ ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿದಿರಬೇಕು. 90ರ ಮೇಲೆ ಓಡಿಸುವ ಗಾಡಿ ಇದಲ್ಲ. ನೆಟ್ಟಗಿನ ಹಿಂಬದಿ ಗಾಜಿಗೆ ಮಳೆಗಾಲದಲ್ಲಿ ಕೆಸರು ಮೆತ್ತಿಕೊಳ್ಳುತ್ತದೆ; ಹಿಂದಿನ ವೈಪರ್ ಇರುವುದು ಮೇಲಿನ ಟ್ರಿಮ್‌ಗೆ ಮಾತ್ರ. ಅಲಾಯ್ ಚಕ್ರಕ್ಕಿಂತ ಆ ವೈಪರ್ ಉಪಯೋಗದ್ದು.

ಹಳೆಯ ಗಾಡಿ ನೋಡುವ ಕ್ರಮ

ಬೆಳಿಗ್ಗೆ ಹೋಗಿ. ಬಾನೆಟ್ ಮೇಲೆ ಕೈಯಿಡಿ, ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಾಗುವವರೆಗೆ ಆರ್‌ಸಿ, ಪಾಲಿಸಿ ಓದುತ್ತಾ ಕೂರಿ. ಆಯಿಲ್ ಮುಚ್ಚಳ ತೆಗೆದು ಒಳಗೆ ಟಾರ್ಚ್ ಹಾಕಿ. ಕಂದು ಬಣ್ಣದ ತೆಳು ಪದರ ಸಹಜ. ಕಪ್ಪು ಮಡ್ಡಿ, ಹಾಲಿನ ಕೆನೆಯಂಥ ನೊರೆ ಸಹಜವಲ್ಲ. ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಎಂಜಿನ್, ಏರ್‌ಬ್ಯಾಗ್, ಎಬಿಎಸ್, ಪವರ್ ಸ್ಟೀರಿಂಗ್ ದೀಪಗಳು ಹತ್ತಬೇಕು, ಏರ್‌ಬ್ಯಾಗ್, ಎಬಿಎಸ್ ದೀಪಗಳು ಕೆಲವು ಸೆಕೆಂಡಿನಲ್ಲಿ, ಉಳಿದವು ಸ್ಟಾರ್ಟ್ ಮಾಡಿದ ಮೇಲೆ ಆರಬೇಕು. ಹತ್ತಿದ್ದು ಆರದಿದ್ದರೆ ದೋಷ. ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲ ಅಂದರೆ ಇನ್ನೂ ಕೆಟ್ಟದ್ದು, ಅಪಘಾತದಲ್ಲಿ ಬ್ಯಾಗ್ ಬಿಚ್ಚಿಕೊಂಡು ಯಾರೋ ದೀಪದ ಸಂಪರ್ಕವನ್ನೇ ಕತ್ತರಿಸಿರಬಹುದು.

ಸ್ಟಾರ್ಟ್ ಆದ ಮೇಲೆ ಮೂರು ಸಿಲಿಂಡರ್ ಎಂಜಿನ್ ಸ್ವಲ್ಪ ನಡುಗುವುದು ಅದರ ಜಾಯಮಾನ. ಎಸಿ ಹಾಕಿದಾಗ ಸ್ಟೀರಿಂಗ್, ಗೇರ್ ಲಿವರ್ ಎರಡೂ ಜೋರಾಗಿ ಅದುರಿದರೆ ಎಂಜಿನ್ ಮೌಂಟಿಂಗ್ ಹೋಗಿದೆ. ಅದು ದೊಡ್ಡ ಖರ್ಚಲ್ಲ. ನಿಧಾನವಾಗಿ ಹಳ್ಳಕೊಳ್ಳದ ರಸ್ತೆಯಲ್ಲಿ, ರೇಡಿಯೊ ಆರಿಸಿ, ಕಿಟಕಿ ಇಳಿಸಿ ಓಡಿಸಿ. ಮುಂದಿನಿಂದ ಟಕ್ ಟಕ್ ಬಂದರೆ ಸ್ಟ್ರಟ್ ಮೌಂಟ್ ಅಥವಾ ಲೋವರ್ ಆರ್ಮ್ ಬುಷ್. ಪೂರ್ತಿ ಸ್ಟೀರಿಂಗ್ ತಿರುಗಿಸಿ ಹೊರಡುವಾಗ ಕಟಕಟ ಅಂದರೆ ಡ್ರೈವ್ ಶಾಫ್ಟ್ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚಕ್ರದ ಒಳಗೆ ಸಿಡಿದಿರುತ್ತದೆ. 50-60ರಲ್ಲಿ ಹೂಂಕಾರ ಬಂದು ವೇಗದ ಜೊತೆ ಏರಿದರೆ ವೀಲ್ ಬೇರಿಂಗ್. ಇವೆಲ್ಲ ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಸಲೀಸಾಗಿ ಸಿಗುವ ಪಾರ್ಟುಗಳು, ಭಯಪಡಬೇಡಿ, ಬೆಲೆಯಲ್ಲಿ ಇಳಿಸಿಕೊಳ್ಳಿ.

ಭಯಪಡಬೇಕಾದ್ದು ಗಾಡಿಯ ಬಾಡಿಯ ವಿಚಾರದಲ್ಲಿ. ಮುಂದಿನ ಫೆಂಡರ್, ಬಾನೆಟ್ ಹಿಂಜ್ ಬೋಲ್ಟುಗಳ ಮೇಲಿನ ಪೇಂಟ್ ಒಡೆದಿದ್ದರೆ ಅವನ್ನು ಬಿಚ್ಚಿದ್ದಾರೆ. ಫೆಂಡರ್ ಬದಲಾದದ್ದು ದೊಡ್ಡ ವಿಷಯವಲ್ಲ. ಅದರ ಹಿಂದಿನ ಏಪ್ರನ್ (ಒಳಗಿನ ತಗಡು), ರೇಡಿಯೇಟರ್ ಹಿಡಿದಿರುವ ಅಡ್ಡಪಟ್ಟಿ ಇವುಗಳ ಸೀಲರ್ ಗೆರೆ ಎಡಕ್ಕೂ ಬಲಕ್ಕೂ ಒಂದೇ ತರಹ ಇರಬೇಕು. ಒಂದು ಕಡೆ ಬೆರಳಲ್ಲಿ ಸವರಿದಂತೆ ಕಂಡರೆ ಟಿಂಕರಿಂಗ್ ಆಗಿದೆ. ಪೇಂಟ್ ಮೀಟರ್ ಇದ್ದರೆ ಸುಮಾರು 80ರಿಂದ 130 ಮೈಕ್ರಾನ್ ಕಂಪನಿಯದು, 200 ದಾಟಿದರೆ ಮರುಪೇಂಟ್, 500 ದಾಟಿದರೆ ಒಳಗೆ ಪುಟ್ಟಿ. ಮಳೆನೀರಲ್ಲಿ ಮುಳುಗಿದ ಗಾಡಿ ಹಿಡಿಯಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಮಣ್ಣಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಹಳಿಯ ತುಕ್ಕು, ಸ್ಟೆಪ್ನಿ ಗುಂಡಿಯ ಹೂಳು ಕೂಡ ನೋಡಿ. ಕರಾವಳಿಯ ಗಾಡಿಯಾದರೆ ಬಾಗಿಲ ಕೆಳ ಅಂಚು, ಬ್ಯಾಟರಿ ತಟ್ಟೆಯ ಕೆಳಗೆ, ಡಿಕ್ಕಿ ಬಾಗಿಲಿನ ತುದಿ.

ಟ್ಯಾಕ್ಸಿಯಾಗಿ ದುಡಿದು ಬಿಳಿ ಬೋರ್ಡಿಗೆ ಬಂದ ವ್ಯಾಗನ್ ಆರ್‌ಗಳು ಮಾರುಕಟ್ಟೆಯಲ್ಲಿವೆ. ಇದೇ ಗಾಡಿಯನ್ನು ಮಾರುತಿ ಟೂರ್ ಎಚ್3 ಹೆಸರಲ್ಲಿ ಟ್ಯಾಕ್ಸಿಯವರಿಗೇ ಮಾರುತ್ತದೆ. ಮೀಟರ್ 45,000 ತೋರಿಸಿ, ಕ್ಲಚ್ ಪೆಡಲಿನ ರಬ್ಬರ್ ನುಣುಪಾಗಿ, ಹಿಂದಿನ ಎಡ ಬಾಗಿಲಿನ ಹಿಡಿ, ಹಿಂಜ್ ಮಾತ್ರ ಮಿಕ್ಕವಕ್ಕಿಂತ ಸವೆದಿದ್ದರೆ ಅನುಮಾನಿಸಿ. ನೋಂದಣಿ ಸಂಖ್ಯೆ ಕೊಟ್ಟರೆ ಮಾರುತಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಸರ್ವಿಸ್ ಇತಿಹಾಸ ಸಿಗುತ್ತದೆ, ಮಾಲೀಕನನ್ನೇ ಜೊತೆಗೆ ಕರೆದುಕೊಂಡು ಹೋಗಿ. ಪ್ರತಿ ಸರ್ವಿಸಿನ ಕಿಲೋಮೀಟರ್ ಏರುತ್ತಲೇ ಹೋಗಿರಬೇಕು.

ಅಲ್ಲೇ ರಿಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಗಾಡಿ ಕರೆಸುವ ವಿಚಾರವೂ ಕೇಳಿ. 2018ರ ನವೆಂಬರ್ 15ರಿಂದ 2019ರ ಆಗಸ್ಟ್ 12ರವರೆಗೆ ತಯಾರಾದ 40,618 ಗಾಡಿಗಳನ್ನು (1.0) ಇಂಧನ ಹೋಸ್‌ಗೆ ಲೋಹದ ಕ್ಲಾಂಪ್ ಉಜ್ಜುವ ಕಾರಣಕ್ಕೆ ಕರೆಸಿದರು. ಆಮೇಲೆ 2019ರ ಅಕ್ಟೋಬರ್ 15ರವರೆಗಿನ 1.0 ಗಾಡಿಗಳಿಗೆ ಫ್ಯುಯಲ್ ಪಂಪ್ ತಪಾಸಣೆ. 2019ರ ಜುಲೈ 30ರಿಂದ ನವೆಂಬರ್ 1ರೊಳಗಿನ 4,190 ಗಾಡಿಗಳಿಗೆ 2024ರಲ್ಲಿ ಮತ್ತೆ ಪಂಪ್ ಮೋಟರಿನ ಭಾಗ. 2022ರ ಆಗಸ್ಟ್ 3ರಿಂದ ಸೆಪ್ಟೆಂಬರ್ 1ರವರೆಗಿನ ಕೆಲವಕ್ಕೆ ಹಿಂದಿನ ಬ್ರೇಕಿನ ಪಿನ್. ಚಾಸಿ ಸಂಖ್ಯೆ ಹಾಕಿದರೆ ಕಂಪನಿಯ ಜಾಲತಾಣದಲ್ಲೇ ಗೊತ್ತಾಗುತ್ತದೆ, ಬದಲಾವಣೆ ಉಚಿತ. ಬೆಲೆಗೆ ತಕ್ಕ ಆಯ್ಕೆ ಅಂದರೆ ನನ್ನ ಲೆಕ್ಕದಲ್ಲಿ 2020 ಅಥವಾ 2021ರ 1.2 ಮ್ಯಾನ್ಯುಯಲ್, ಎರಡು ಏರ್‌ಬ್ಯಾಗ್ ಇರುವುದು. ಮೊದಲ ವರ್ಷದ ತೊಡಕುಗಳು ಅಷ್ಟರಲ್ಲಿ ಬಗೆಹರಿದಿದ್ದವು, ಎಂಜಿನ್ ಕೂಡ ಸರಳವಾದದ್ದು.

ಕಾಗದ ಪತ್ರಕ್ಕೆ ಬಂದರೆ ಮಾಲೀಕತ್ವದ ವರ್ಗಾವಣೆಗೆ ಫಾರಂ 29, 30. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35. ಆರ್‌ಸಿಯಲ್ಲಿ ಹೈಪೊಥಿಕೇಶನ್ (ಸಾಲಕ್ಕೆ ಒತ್ತೆ) ಅನ್ನುವ ಸಾಲು ಅಳಿಯುವವರೆಗೂ ಪೂರ್ತಿ ಹಣ ಕೊಡಬೇಡಿ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ ನೋಡಿ, ಬಾಕಿ ಟ್ರಾಫಿಕ್ ದಂಡ ಮಾರುವವರ ಕೈಯಲ್ಲೇ ಕಟ್ಟಿಸಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಬದಲಿಸಲು ವರ್ಗಾವಣೆಯಿಂದ 14 ದಿನ ಸಮಯ. ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ, ಹಿಂದಿನ ಮಾಲೀಕನ ಬಳಿಯೇ ಉಳಿಯುತ್ತದೆ. ಆ ರಿಯಾಯಿತಿಯ ಮೊತ್ತವನ್ನು ಉಳಿದ ಅವಧಿಗೆ ನೀವು ತುಂಬಬೇಕು, ಮಾತುಕತೆಯಲ್ಲಿ ಅದನ್ನೂ ಬೆಲೆಯಿಂದ ಕಳೆಯಿರಿ.